125ರ ಜಿಗಿತ ಎಣಿಕೆ: ವಿನ್ಯಾಸದ ಮೂಲಕ ತಪ್ಪನ್ನು ತಾನೇ ಕಂಡುಕೊಳ್ಳುವ ಪಾಠ

(4 ಮತ್ತು 5ನೇ ತರಗತಿಗಳ ಗಣಿತ ಶಿಕ್ಷಕರ ಉಪಯೋಗಕ್ಕಾಗಿ)

ಪೀಠಿಕೆ

ಎರಡರಿಂದ ಹತ್ತರವರೆಗಿನ ಮಗ್ಗಿಯನ್ನು ಅನೇಕ ಮಕ್ಕಳು ರಾಗವಾಗಿ ಒಪ್ಪಿಸಬಲ್ಲರು. ಆದರೆ 75, 99, 125ರಂತಹ ದೊಡ್ಡ ಸಂಖ್ಯೆಯನ್ನು ಮತ್ತೆ ಮತ್ತೆ ಕೂಡುತ್ತಾ ಸಾಗಬೇಕಾದಾಗ ಮಗ್ಗಿಯ ರಾಗ ನೆರವಿಗೆ ಬರುವುದಿಲ್ಲ. ಒಂದು ಹೆಜ್ಜೆ ತಪ್ಪಿದರೆ ಅದರ ಮುಂದಿನ ಉತ್ತರಗಳೂ ಕೆಡುತ್ತವೆ. ತಪ್ಪಾಗಿದೆ ಎಂಬುದು ಮಗುವಿಗೆ ತಿಳಿಯುವುದು ಶಿಕ್ಷಕರು ಕೆಂಪು ಶಾಯಿಯ ಗುರುತು ಹಾಕಿದ ಬಳಿಕವೇ. ಹೀಗಾದಾಗ, ಉತ್ತರದ ಸರಿತಪ್ಪುಗಳನ್ನು ನಿರ್ಣಯಿಸುವುದು ತನ್ನ ಕೆಲಸವಲ್ಲ ಎಂದು ಮಗು ಭಾವಿಸತೊಡಗುತ್ತದೆ. ಈ ಭಾವನೆಯನ್ನು ಹೋಗಲಾಡಿಸುವುದೇ ಪ್ರಸ್ತುತ ಪಾಠದ ಉದ್ದೇಶವಾಗಿದೆ.

ಪೂರ್ವಜ್ಞಾನ: ಮೂರಂಕಿ ಸಂಖ್ಯೆಗಳ ದಶಕ ಸಹಿತ ಸಂಕಲನ, ಸ್ಥಾನಬೆಲೆ.
ಸಾಮಗ್ರಿ: ಕಪ್ಪು ಹಲಗೆ, ಚೌಕಳಿ ಪುಸ್ತಕ.

ಹಂತ 1: ಬರೆಯುವುದು

125 ಗ್ರಾಂ ತೂಕದ ಕಾಫಿ ಪುಡಿಯ ಪೊಟ್ಟಣಗಳನ್ನು ಒಂದೊಂದಾಗಿ ತಕ್ಕಡಿಗೆ ಹಾಕುತ್ತಿರುವಂತೆ ಕಲ್ಪಿಸಿಕೊಳ್ಳಲು ತಿಳಿಸಿ, ಪ್ರತಿ ಬಾರಿಯ ಒಟ್ಟು ತೂಕವನ್ನು ಮಕ್ಕಳಿಂದಲೇ ಹೇಳಿಸುವುದು. ಒಂದು ಸಾಲಿಗೆ ಎಂಟು ಸಂಖ್ಯೆಗಳಂತೆ ಹಲಗೆಯ ಮೇಲೆ ಬರೆಯುವುದು.

125, 250, 375, 500, 625, 750, 875, 1000
1125, 1250, 1375, 1500, 1625, 1750, 1875, 2000

ಮೂರನೆಯ ಸಾಲನ್ನು ಮಕ್ಕಳು ತಾವಾಗಿಯೇ ಪೂರ್ಣಗೊಳಿಸಲಿ.

ಹಂತ 2: ವಿನ್ಯಾಸವನ್ನು ಗುರುತಿಸುವುದು

ಮೊದಲು ಬಿಡಿ ಸ್ಥಾನವನ್ನು ಮಾತ್ರ ನೋಡಲು ಹೇಳುವುದು. ಅಲ್ಲಿ 5 ಮತ್ತು 0 ಒಂದಾದ ಮೇಲೊಂದು ಬರುತ್ತವೆ. ಕೊನೆಯ ಎರಡು ಅಂಕಿಗಳನ್ನು ನೋಡಿದರೆ 25, 50, 75, 00 ಎಂಬ ಕ್ರಮವು ನಾಲ್ಕು ಜಿಗಿತಗಳಿಗೊಮ್ಮೆ ಮರಳುತ್ತದೆ. ಕೊನೆಯ ಮೂರು ಅಂಕಿಗಳು ಎಂಟು ಜಿಗಿತಗಳಿಗೊಮ್ಮೆ ಮರಳುತ್ತವೆ. ಎಂಟು ಬಾರಿ 125 ಎಂದರೆ ಸರಿಯಾಗಿ 1000 ಆಗುವುದೇ ಇದಕ್ಕೆ ಕಾರಣ. ಪ್ರತಿ ಎಂಟು ಜಿಗಿತಗಳಿಗೆ ಸಾವಿರದ ಸ್ಥಾನವು ಒಂದರಷ್ಟು ಹೆಚ್ಚುತ್ತದೆ. ಉಳಿದ ಮೂರು ಸ್ಥಾನಗಳು ಹಿಂದಿನಂತೆಯೇ ಇರುತ್ತವೆ. ಈ ಕಾರಣವನ್ನು ಶಿಕ್ಷಕರು ತಾವೇ ಹೇಳದೆ, ಸಾಲುಗಳನ್ನು ಮೇಲಿನಿಂದ ಕೆಳಕ್ಕೆ ಹೋಲಿಸಿ ನೋಡಲು ಮಕ್ಕಳಿಗೆ ಅವಕಾಶ ನೀಡುವುದು.

ಹಂತ 3: ತಪ್ಪನ್ನು ಹುಡುಕುವುದು

ಈ ಹಂತಕ್ಕೆ ಹೆಚ್ಚಿನ ಸಮಯ ಮೀಸಲಿಡುವುದು. ಕೆಳಗಿನ ಮೂರು ಸರಣಿಗಳನ್ನು ಹಲಗೆಯ ಮೇಲೆ ಬರೆದು, ಮತ್ತೆ ಕೂಡಿ ನೋಡದೆಯೇ ತಪ್ಪನ್ನು ಗುರುತಿಸಲು ತಿಳಿಸುವುದು.

ಅ) 125, 250, 375, 490
ಆ) 125, 250, 375, 400
ಇ) 875, 1000, 1125, 2250

ಮೊದಲನೆಯದರಲ್ಲಿ ದಶಕವನ್ನು ಸೇರಿಸುವುದು ಮರೆತುಹೋಗಿದೆ. ಬಿಡಿ ಸ್ಥಾನದಲ್ಲಿ 0 ಇರುವುದರಿಂದ ಒಂದು ಅಂಕಿಯ ಪರೀಕ್ಷೆಯಲ್ಲಿ ಇದು ಸಿಕ್ಕಿಬೀಳುವುದಿಲ್ಲ. ಎರಡು ಅಂಕಿಗಳನ್ನು ನೋಡಿದಾಗ 90 ಎಂಬುದು ಕ್ರಮದಲ್ಲಿ ಇಲ್ಲವೆಂದು ತಿಳಿಯುತ್ತದೆ. ಎರಡನೆಯದು ಎರಡು ಅಂಕಿಗಳ ಪರೀಕ್ಷೆಯನ್ನೂ ದಾಟುತ್ತದೆ. ಮೂರು ಅಂಕಿಗಳನ್ನು ನೋಡಿದಾಗ ಮಾತ್ರ 375ರ ನಂತರ 500 ಬರಬೇಕಿತ್ತೆಂದು ಗೊತ್ತಾಗುತ್ತದೆ. ಮೂರನೆಯದು ಮೂರು ಪರೀಕ್ಷೆಗಳನ್ನೂ ದಾಟುತ್ತದೆ, ಆದರೂ ತಪ್ಪಾಗಿದೆ. ಒಂದೇ ಜಿಗಿತದಲ್ಲಿ ಸಾವಿರಕ್ಕಿಂತ ಹೆಚ್ಚು ಏರಲು ಸಾಧ್ಯವಿಲ್ಲ ಎಂಬ ಅಂದಾಜು ಇಲ್ಲಿ ಬೇಕಾಗುತ್ತದೆ.

ವಿನ್ಯಾಸಕ್ಕೆ ಹೊಂದದ ಉತ್ತರ ಖಂಡಿತವಾಗಿ ತಪ್ಪು. ಆದರೆ ವಿನ್ಯಾಸಕ್ಕೆ ಹೊಂದಿದ ಮಾತ್ರಕ್ಕೆ ಉತ್ತರ ಸರಿಯೆಂದು ಹೇಳಲಾಗದು. ಈ ವ್ಯತ್ಯಾಸವನ್ನು ಮಕ್ಕಳು ತಮ್ಮ ಮಾತಿನಲ್ಲಿಯೇ ಹೇಳುವಂತೆ ಪ್ರೇರೇಪಿಸುವುದು.

ಹಂತ 4: ವಿಸ್ತರಣೆ

1. 40ರಿಂದ ಆರಂಭಿಸಿ 125ರಂತೆ ಜಿಗಿಯುವುದು: 40, 165, 290, 415, 540. ಅಂಕಿಗಳು ಬದಲಾದರೂ ನಾಲ್ಕು ಜಿಗಿತಗಳಿಗೆ ಕೊನೆಯ ಎರಡು ಅಂಕಿಗಳು 40ಕ್ಕೇ ಮರಳುತ್ತವೆ.

2. 75ರ ಜಿಗಿತ: 75, 150, 225, 300. ಇಲ್ಲಿ ಕೊನೆಯ ಎರಡು ಅಂಕಿಗಳು 75, 50, 25, 00 ಎಂದು ಇಳಿಯುತ್ತವೆ. 75 ಎಂಬುದು 100ಕ್ಕಿಂತ 25 ಕಡಿಮೆ ಇರುವುದರಿಂದ ಪ್ರತಿ ಜಿಗಿತಕ್ಕೂ 100 ಕೂಡಿ 25 ಕಳೆದಂತಾಗುತ್ತದೆ.

3. 99ರ ಜಿಗಿತ: 99, 198, 297, 396. ಪ್ರತಿ ಜಿಗಿತಕ್ಕೂ 100 ಕೂಡಿ 1 ಕಳೆಯುವುದರಿಂದ ಬಿಡಿ ಸ್ಥಾನವು ಒಂದೊಂದೇ ಇಳಿಯುತ್ತದೆ.

ಮೌಲ್ಯಮಾಪನ

1. 125ರ ಜಿಗಿತದಲ್ಲಿ 30ನೆಯ ಸಂಖ್ಯೆ ಯಾವುದು? (24 ಜಿಗಿತಗಳಿಗೆ 3000, ಉಳಿದ 6ಕ್ಕೆ 750, ಉತ್ತರ 3750.)
2. 4375 ಈ ಸರಣಿಯಲ್ಲಿ ಬರುವುದೇ? (375 ಸಾಲಿನ ಮೂರನೆಯ ಸ್ಥಾನದಲ್ಲಿದೆ, ಆದ್ದರಿಂದ 35ನೆಯ ಸಂಖ್ಯೆಯಾಗಿ ಬರುತ್ತದೆ.)
3. 5450 ಬರುವುದೇ? (450 ಯಾವ ಸಾಲಿನಲ್ಲಿಯೂ ಇಲ್ಲ, ಆದ್ದರಿಂದ ಬರುವುದಿಲ್ಲ.)

ಶಿಕ್ಷಕರ ಗಮನಕ್ಕೆ

ಮಗು ಪುಸ್ತಕವನ್ನು ತೋರಿಸಲು ತಂದಾಗ ಕೂಡಲೇ ಸರಿತಪ್ಪಿನ ಗುರುತು ಹಾಕದೆ, "ನೀನು ಪರೀಕ್ಷಿಸಿದೆಯಾ? ಹೇಗೆ?" ಎಂದು ಕೇಳುವುದು. ತಪ್ಪನ್ನು ತಾನೇ ಕಂಡು ತಿದ್ದಿಕೊಂಡ ಮಗುವಿನ ಉತ್ತರವನ್ನು ತಪ್ಪೆಂದು ಎಣಿಸತಕ್ಕದ್ದಲ್ಲ. ಹೊಡೆದು ಹಾಕಿದ ಸಂಖ್ಯೆಯನ್ನು ಅಳಿಸಲು ಹೇಳದೆ ಹಾಗೆಯೇ ಉಳಿಸುವುದು. ಆ ದಿನದ ಕಲಿಕೆಗೆ ಅದೇ ಸಾಕ್ಷಿಯಾಗಿರುತ್ತದೆ.