ಮತ್ತೆ ಏರಿದ 17 ಕೆ.ಜಿ.

ಪ್ರಶ್ನೆ: ನಾನು ಹೈಸ್ಕೂಲ್ ಶಿಕ್ಷಕಿ, ವಯಸ್ಸು 46. ತೂಕ ಇಳಿಸಿಕೊಳ್ಳಲು 2018ರಲ್ಲಿ ಬೆಂಗಳೂರಿನಲ್ಲಿ ಸ್ಲೀವ್ ಆಪರೇಷನ್ ಮಾಡಿಸಿಕೊಂಡೆ. 118 ಕೆ.ಜಿ. ಇದ್ದವಳು ಒಂದೂವರೆ ವರ್ಷದಲ್ಲಿ 76ಕ್ಕೆ ಬಂದೆ. ಶುಗರ್ ಮಾತ್ರೆ ನಿಂತಿತು, ಮೆಟ್ಟಿಲು ಹತ್ತಿದರೆ ಬರುತ್ತಿದ್ದ ಏದುಸಿರು ಹೋಯಿತು. ಈಗ ಎರಡು–ಮೂರು ವರ್ಷದಿಂದ ತೂಕ ಮತ್ತೆ ಏರುತ್ತಿದೆ, 93 ಆಗಿದೆ. ‘ಮೂರು ಲಕ್ಷ ಹೊಳ್ಯಾಗ ಹುಣಸೆಹಣ್ಣು ತೊಳದಂಗಾತು’ ಅಂತ ನಮ್ಮ ಮನೆಯವರು ಅಂದರು. ಹಗಲೆಲ್ಲ ನಾನು ತಿನ್ನುವುದು ತೀರಾ ಕಮ್ಮಿ. ಸಂಜೆ ಶಾಲೆಯಿಂದ ಬಂದ ಮೇಲೆ ಮಾತ್ರ ಕೈ ತಡೆಯುವುದಿಲ್ಲ. ಖಾರ ಮಂಡಕ್ಕಿ, ಬಿಸ್ಕತ್ತು, ಕಾಫಿ. ಎರಡು ವರ್ಷದ ಹಿಂದೆ ಅವ್ವ ತೀರಿಕೊಂಡರು; ದಿನಾ ಸಂಜೆ ಐದಕ್ಕೆ ಅವರಿಗೆ ಫೋನ್ ಮಾಡುತ್ತಿದ್ದೆ. ಆಗ ನಿದ್ದೆಗೆಂದು ಇಲ್ಲಿನ ಡಾಕ್ಟರು ಕೊಟ್ಟ ಮಾತ್ರೆ ಇನ್ನೂ ನಡೆದಿದೆ. ವಿಟಮಿನ್ ಮಾತ್ರೆ ಬಿಟ್ಟು ಬಹಳ ದಿನವಾಯಿತು. ಪಾದ ಜೋಮು ಹಿಡಿದಂತಿರುತ್ತದೆ, ಮಲಗಿದರೆ ಎದೆಯುರಿ. ಆಪರೇಷನ್ ಮಾಡಿದ ಡಾಕ್ಟರ ಬಳಿ ಹೋಗಲು ಮುಖವಿಲ್ಲ. ಬರುವ ತಿಂಗಳು ಅಣ್ಣನ ಮಗನ ಮದುವೆ, ತಪ್ಪಿಸಿಕೊಳ್ಳಲು ನೆಪ ಹುಡುಕುತ್ತಿದ್ದೇನೆ. ಕೆಲವು ರಾತ್ರಿ ಬೆಳಗಾಗುವುದೇ ಬೇಡ ಅನ್ನಿಸುತ್ತದೆ. ಇನ್ನೊಮ್ಮೆ ಆಪರೇಷನ್ ಮಾಡಿಸಲೇ? ಹೊಸದಾಗಿ ಬಂದಿರುವ ಇಂಜೆಕ್ಷನ್ ತೆಗೆದುಕೊಳ್ಳಲೇ?
– ಹೆಸರು ಬೇಡ, ದಾವಣಗೆರೆ

ಉತ್ತರ: ಮೇಡಂ, ಮದುವೆ ಮತ್ತು ಇಂಜೆಕ್ಷನ್‌ ಮಾತುಗಳ ನಡುವೆ ನೀವು ಸದ್ದಿಲ್ಲದೆ ಸೇರಿಸಿದ ಆ ರಾತ್ರಿಗಳ ವಾಕ್ಯವನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ತೂಕದ ಮಾತು ಆಮೇಲೆ. ಬೆಳಗಾಗುವುದೇ ಬೇಡ ಅನ್ನಿಸುವ ರಾತ್ರಿಯನ್ನು ಒಬ್ಬರೇ ಕಳೆಯಬೇಡಿ. 14416ಕ್ಕೆ ಫೋನ್ ಮಾಡಿ. ಅದು 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಹಗಲು–ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಜೀವಕ್ಕೆ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದರೆ ಹೊತ್ತು ನೋಡದೆ ಮನೆಯವರನ್ನು ಎಬ್ಬಿಸಿ ಆಸ್ಪತ್ರೆಗೆ ಹೋಗಿ. ಒತ್ತಿ ಹೇಳುವುದಕ್ಕೆ ಕಾರಣವಿದೆ. ಈ ಆಪರೇಷನ್ ಆದ ಹೆಚ್ಚಿನವರ ಮನಸ್ಸು ಹಗುರಾಗುತ್ತದೆ, ನಿಜ. ಆದರೆ ಒಂದು ಸಣ್ಣ ಪಾಲಿನ ಜನರಲ್ಲಿ, ಅದೂ ಕೆಲವು ವರ್ಷ ಕಳೆದ ಮೇಲೆ, ಖಿನ್ನತೆ ಮತ್ತು ಆತ್ಮಹತ್ಯೆಯ ಯೋಚನೆ ಹೆಚ್ಚುವುದು ಹಲವು ದೇಶಗಳಲ್ಲಿ ಕಂಡುಬಂದಿದೆ. ಡಾಕ್ಟರನ್ನು ನೋಡಿದ ದಿನ ಎದೆಯುರಿಯ ಜೊತೆ ಈ ಮಾತನ್ನೂ ಹೇಳಬೇಕು.

ಈಗ ಆ 17 ಕೆ.ಜಿ. ನೀವು ಲೆಕ್ಕ ಹಾಕುತ್ತಿರುವುದು 76ರಿಂದ. ಡಾಕ್ಟರುಗಳು ಹಾಕುವುದು 118ರಿಂದ. ಹಾಗೆ ನೋಡಿದರೆ ಇವತ್ತಿಗೂ ನೀವು 25 ಕೆ.ಜಿ. ಕಡಿಮೆ ಇದ್ದೀರಿ, ಅಂದರೆ ಮೊದಲಿದ್ದ ತೂಕದಲ್ಲಿ ಶೇ 21ರಷ್ಟು. ಸಮಾಧಾನಕ್ಕೆಂದು ಈ ಅಂಕಿ ಹೇಳುತ್ತಿಲ್ಲ. ಸ್ವೀಡನ್ನಿನಲ್ಲಿ 1987ರಿಂದ ಇಂಥ ಆಪರೇಷನ್ ಆದ ಎರಡು ಸಾವಿರ ಜನರನ್ನು ವೈದ್ಯರು ದಶಕಗಟ್ಟಲೆ ಹಿಂಬಾಲಿಸಿ ತೂಕ ಬರೆದಿಟ್ಟರು. ಹೊಟ್ಟೆಯ ಬೈಪಾಸ್ ಆಪರೇಷನ್ ಆದವರ ತೂಕ ಮೊದಲ ಒಂದೆರಡು ವರ್ಷದಲ್ಲಿ ಸರಾಸರಿ ಶೇ 32ರಷ್ಟು ಇಳಿಯಿತು. ಆಮೇಲೆ ನಿಧಾನಕ್ಕೆ ಏರಿ, ಹತ್ತನೇ ವರ್ಷಕ್ಕೆ ಮೂಲ ತೂಕಕ್ಕಿಂತ ಶೇ 25 ಕಡಿಮೆಯಲ್ಲಿ ನಿಂತಿತು. ಆ ಕಾಲದ ಇನ್ನೆರಡು ಬಗೆಯ ಆಪರೇಷನ್‌ಗಳಲ್ಲಿ ಉಳಿದ ಇಳಿಕೆ ಶೇ 14ರಿಂದ 16 ಮಾತ್ರ. ನಿಮಗಾದ ಸ್ಲೀವ್ ಆ ಪಟ್ಟಿಯಲ್ಲಿಲ್ಲ, ಆದರೆ ಇಳಿದು, ತುಸು ಏರಿ, ನಿಲ್ಲುವ ದಾರಿ ಸ್ಲೀವ್ ಆದವರದ್ದೂ ಹೌದು. ಇನ್ನೊಂದು ಸಂಗತಿಯನ್ನು ನಿಮ್ಮ ಮನೆಯವರಿಗೂ ಓದಿ ಹೇಳಿ: ಹೀಗೆ ತೂಕ ಒಂದಿಷ್ಟು ಮರಳಿದರೂ, ಆಪರೇಷನ್ ಇಲ್ಲದೆ ಅಷ್ಟೇ ದಪ್ಪ ಇದ್ದವರಿಗೆ ಹೋಲಿಸಿದರೆ ಇವರಲ್ಲಿ ಸಾವು ಕಡಿಮೆ ಎಂದು 2007ರಲ್ಲಿ ಆ ವೈದ್ಯರು ವರದಿ ಮಾಡಿದರು. ಮೂರು ಲಕ್ಷ ಹೊಳೆಗೆ ಹೋಗಿಲ್ಲ.

ಯಾಕೆ ಏರುತ್ತದೆ? ಸ್ಲೀವ್‌ನಲ್ಲಿ ಹೊಟ್ಟೆಯ ಚೀಲದ ಮುಕ್ಕಾಲು ಭಾಗಕ್ಕೂ ಹೆಚ್ಚು ತೆಗೆಯುತ್ತಾರೆ. ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ಆ ಭಾಗದಲ್ಲೇ. ಮೊದಲ ವರ್ಷ ‘ಊಟ ನೆನಪೇ ಆಗಲ್ಲ’ ಅಂತ ಹಲವರಿಗೆ ಅನ್ನಿಸುವುದು ಅದಕ್ಕೆ. ಕಾಲ ಕಳೆದಂತೆ ಹಸಿವು ಮರಳುತ್ತದೆ, ಉಳಿದ ಚೀಲವೂ ಕೆಲವರಲ್ಲಿ ಹಿಗ್ಗುತ್ತದೆ. ದೇಹ ಬರಗಾಲ ಕಂಡ ರೈತನ ಹಾಗೆ, ಮಳೆ ಬಂದ ಮೇಲೂ ಕಾಳು ಕೂಡಿಡುವುದನ್ನು ಬಿಡುವುದಿಲ್ಲ. ಅಮೆರಿಕದ ಒಂದು ಟಿ.ವಿ. ಸ್ಪರ್ಧೆಯಲ್ಲಿ ಆಪರೇಷನ್ ಇಲ್ಲದೆ, ಬರೀ ಕಠಿಣ ವ್ಯಾಯಾಮ–ಪಥ್ಯದಿಂದ ತೂಕ ಇಳಿಸಿಕೊಂಡ 14 ಮಂದಿಯನ್ನು ಆರು ವರ್ಷದ ನಂತರ ಪರೀಕ್ಷಿಸಿದಾಗ, ಅವರ ದೇಹ ಲೆಕ್ಕಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ ಖರ್ಚು ಮಾಡುತ್ತಿತ್ತು. 2016ರಲ್ಲಿ ಅದು ಪ್ರಕಟವಾಯಿತು. ಆಪರೇಷನ್ ಈ ಜಿಪುಣತನವನ್ನು ಸಡಿಲಿಸಬಹುದು, ಅಳಿಸಿಹಾಕುವುದಿಲ್ಲ. ಇದರಲ್ಲಿ ನಿಮ್ಮ ಗುಣದೋಷದ ಮಾತು ಎಲ್ಲಿ ಬಂತು?

ಆದರೂ ನಿಮ್ಮ ಕೈಯಲ್ಲಿರುವುದೂ ಒಂದಿಷ್ಟಿದೆ. ಮಂಡಕ್ಕಿಗೆ ಬರೋಣ. ದಾವಣಗೆರೆಯವರಿಗೆ ಮಂಡಕ್ಕಿ ಬಿಡಿ ಅಂತ ಹೇಳುವ ಧೈರ್ಯ ಯಾರಿಗೂ ಬೇಡ. ಆದರೆ ಅದು ನಿಮ್ಮ ಈಗಿನ ಹೊಟ್ಟೆಯಲ್ಲಿ ಏನು ಮಾಡುತ್ತದೆ ಅಂತ ನೋಡಿ. ಬಾಯಿಗೆ ಹಾಕಿದರೆ ಕರಗುತ್ತದೆ, ಮೇಲೆ ಒಂದು ಗುಟುಕು ಕಾಫಿ ಬಿದ್ದರೆ ನಿಲ್ಲದೆ ಜಾರುತ್ತದೆ. ಬೇಯಿಸಿದ ಮೊಟ್ಟೆ ಅಥವಾ ನಾಲ್ಕು ತುಂಡು ಪನೀರ್ ಆ ಸಣ್ಣ ಚೀಲದಲ್ಲಿ ಹೊತ್ತು ಕೂತು ‘ಸಾಕು’ ಅನ್ನಿಸುತ್ತದೆ. ಮಂಡಕ್ಕಿ, ಕಾಫಿಯಲ್ಲಿ ಅದ್ದಿದ ಬಿಸ್ಕತ್ತು ಎಷ್ಟು ತಿಂದರೂ ಹಾಗನ್ನಿಸುವುದಿಲ್ಲ. ಸರ್ಜನ್ ಕಟ್ಟಿಕೊಟ್ಟ ತಡೆ ಈ ತಿಂಡಿಗಳ ಮುಂದೆ ಕೆಲಸ ಮಾಡುವುದಿಲ್ಲ.

ಹಗಲೆಲ್ಲ ತೀರಾ ಕಮ್ಮಿ ತಿನ್ನುತ್ತೇನೆ ಅಂದಿರಿ. ಅದನ್ನು ನೀವು ಒಳ್ಳೆಯ ಅಭ್ಯಾಸ ಅಂದುಕೊಂಡಿದ್ದೀರಿ, ನನಗೆ ಸಂಜೆಯ ಬೇರು ಅಲ್ಲೇ ಕಾಣುತ್ತದೆ. ಬೆಳಿಗ್ಗೆ ಅರ್ಧ ದೋಸೆ, ಮಧ್ಯಾಹ್ನ ಡಬ್ಬಿಯಲ್ಲಿ ಒಂದು ಚಪಾತಿ, ಏಳು ಪೀರಿಯಡ್ ನಿಂತು ಪಾಠ, ಆಮೇಲೆ ಮನೆಗೆ ಬಂದರೆ ಯಾರ ಕೈಯಾದರೂ ಡಬ್ಬಿಗೆ ಹೋಗುತ್ತದೆ. ಶಾಲೆ ಬಿಡುವ ಮುಂಚೆ, ಮೂರೂವರೆ ಸುಮಾರಿಗೆ, ಸ್ಟಾಫ್ ರೂಮಿನಲ್ಲೇ ಒಂದು ಸಣ್ಣ ಡಬ್ಬಿ ಕಡಲೆಕಾಳಿನ ಉಸಲಿ ತಿನ್ನಿ. ಮೊಟ್ಟೆ ತಿನ್ನುವವರಾದರೆ ಮೊಟ್ಟೆ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು ಎಂಬುದು ಈ ಆಪರೇಷನ್ ಆದವರಿಗೆ ಸಾಮಾನ್ಯವಾಗಿ ಹೇಳುವ ಲೆಕ್ಕ; ಒಂದು ಮೊಟ್ಟೆಯಲ್ಲಿ ಇರುವುದು 6 ಗ್ರಾಂ ಮಾತ್ರ. ಅನ್ನ–ಸಾರು, ಮೊಸರನ್ನದಲ್ಲಿ ಅದು ತುಂಬುವುದು ಕಷ್ಟ. ತಟ್ಟೆಯಲ್ಲಿ ಕಾಳು, ಬೇಳೆ, ಪನೀರ್ ಮೊದಲು, ಅನ್ನ ಕೊನೆಗೆ. ಊಟದ ಜೊತೆ ನೀರು ಬೇಡ, ಅರ್ಧ ಗಂಟೆ ಬಿಟ್ಟು ಕುಡಿಯಿರಿ. ಮಂಡಕ್ಕಿಯನ್ನು ತಟ್ಟೆಗೆ ಹಾಕಿಕೊಂಡು, ಕೂತು, ವಾರಕ್ಕೆ ಒಂದು ದಿನ ತಿನ್ನಿ.

ಸಂಜೆಯ ಹೊತ್ತು ನಿಮ್ಮ ಪತ್ರದಲ್ಲಿ ಎರಡು ಸಲ ಬಂದಿದೆ, ನೀವು ಗಮನಿಸಿದಿರೋ ಇಲ್ಲವೋ. ಅವ್ವನಿಗೆ ಫೋನ್ ಮಾಡುತ್ತಿದ್ದ ಹೊತ್ತೇ ಈಗ ಮಂಡಕ್ಕಿಯ ಹೊತ್ತು. ಖಾಲಿಯಾದ ಆ ಹೊತ್ತನ್ನು ನೀವು ಅಡುಗೆಮನೆಯಲ್ಲಿ ಕಳೆಯುತ್ತಿದ್ದೀರಿ. ಒಂದು ಫೋನ್ ಮಾಡಿ, ಅಣ್ಣನಿಗೆ, ಅವ್ವನನ್ನು ಬಲ್ಲ ಯಾರಿಗಾದರೂ. ಆಕೆಯ ಮಾತು ಆಡಿ, ಅಳು ಬಂದರೆ ಅಳಿ. ಎರಡು ವರ್ಷವಾಯಿತು, ಇನ್ನೂ ಅಳುವುದೇ ಅಂತ ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ. ವಾರಕ್ಕೊಮ್ಮೆ ಆಪ್ತಸಮಾಲೋಚಕರ ಎದುರು ಕೂತರೆ ಇನ್ನೂ ಒಳ್ಳೆಯದು.

ಡಾಕ್ಟರ ಬಳಿ ಹೋಗಲು ಮುಖವಿಲ್ಲ ಅಂದಿರಿ. ಆ ರಾತ್ರಿಗಳ ಮಾತು ಬಿಟ್ಟರೆ, ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ಆತಂಕ ತಂದದ್ದು 93 ಅಲ್ಲ, ಈ ಮಾತು. ಪಾದದ ಜೋಮು ಬಿ–12 ಕೊರತೆಯಿಂದ ಬಂದಿರಬಹುದು, ಶುಗರ್ ಮರಳಿದ್ದರಿಂದಲೂ ಬಂದಿರಬಹುದು. ಬಿ–12 ಕೊರತೆಗೆ ಚಿಕಿತ್ಸೆ ತಡವಾದರೆ ನರಕ್ಕೆ ಆದ ಪೆಟ್ಟು ಪೂರ್ತಿ ವಾಸಿಯಾಗದೇ ಹೋಗಬಹುದು. ಸ್ಲೀವ್ ಆದವರಿಗೆ ವಿಟಮಿನ್ ಮಾತ್ರೆ ಜೀವನಪೂರ್ತಿ ಬೇಕು. ಮೂರು ತಿಂಗಳ ಶುಗರ್, ಥೈರಾಯ್ಡ್, ರಕ್ತ, ಕಬ್ಬಿಣ, ಬಿ–12, ಡಿ, ಕ್ಯಾಲ್ಸಿಯಂ ಎಲ್ಲ ನೋಡಿಸಿ. ನಿಮ್ಮ ವಯಸ್ಸಿಗೆ ಮುಟ್ಟು ನಿಲ್ಲುವ ಬದಲಾವಣೆಯೂ ಸೇರಿರಬಹುದು. ಈಗ ನುಂಗುತ್ತಿರುವ ಮಾತ್ರೆಗಳನ್ನೆಲ್ಲ ಒಂದು ಕವರಿಗೆ ಹಾಕಿ ಒಯ್ಯಿರಿ, ಮುಖ್ಯವಾಗಿ ನಿದ್ದೆಯ ಮಾತ್ರೆ. ನಿದ್ದೆಗೂ ಬೇಸರಕ್ಕೂ ಕೊಡುವ ಕೆಲವು ಮಾತ್ರೆಗಳು, ಉದಾಹರಣೆಗೆ ಮಿರ್ಟಜಪೈನ್, ಹಸಿವನ್ನೂ ತೂಕವನ್ನೂ ಹೆಚ್ಚಿಸುತ್ತವೆ. ನಿಮ್ಮದು ಅಂಥದ್ದಾಗಿದ್ದರೆ ಬದಲಿ ಉಂಟು. ಆದರೆ ಇದನ್ನು ಓದಿ ಇವತ್ತೇ ನಿಲ್ಲಿಸಬೇಡಿ, ಕೊಟ್ಟವರನ್ನು ಕೇಳಿಯೇ ಇಳಿಸಬೇಕು. ಹಳೆಯ ಸರ್ಜನ್ ಗದರುತ್ತಾರೆ ಅನ್ನಿಸಿದರೆ ಇನ್ನೊಬ್ಬರ ಬಳಿ ಹೋಗಿ, ಡಿಸ್ಚಾರ್ಜ್ ಸಮರಿ ಒಂದಿದ್ದರೆ ಸಾಕು. ತೂಕ ಮರಳಿದವರು ಈ ಆಪರೇಷನ್ ಮಾಡುವ ಡಾಕ್ಟರುಗಳ ಬಳಿ ಬರುವುದು ನಿತ್ಯದ ಮಾತು.

ಮನೆಯವರನ್ನು ಜೊತೆಗೆ ಕರೆದುಕೊಂಡು ಹೋಗಿ. ಹೊರಡುವ ಮುಂಚೆ ಇಷ್ಟು ಹೇಳಬಹುದು: ‘ರೀ, ಆ ಹುಣಸೆಹಣ್ಣಿನ ಮಾತು ನನಗೆ ಬಹಳ ನೋವು ಕೊಟ್ಟೈತಿ. ಡಾಕ್ಟರ್ ಏನ್ ಹೇಳ್ತಾರೋ ನೀವೇ ಕೇಳ್ರಿ.’ ಮದುವೆಗೆ ಹೋಗಿ. ಈಗಿನ ಅಳತೆಗೆ ಒಂದು ರವಿಕೆ ಹೊಲಿಸಿ. ಅವ್ವ ಇಲ್ಲದ ಮೇಲೆ ಅಣ್ಣನ ಮನೆಯ ಮೊದಲ ಮದುವೆಯಾದರೆ, ಆ ಮನೆಗೆ ನೀವು ಬೇಕು.

ಇನ್ನು ನಿಮ್ಮ ಎರಡು ಪ್ರಶ್ನೆಗಳು. ಇನ್ನೊಂದು ಆಪರೇಷನ್ ಸಾಧ್ಯವಿದೆ. ಸ್ಲೀವನ್ನು ಬೈಪಾಸ್ ಆಗಿ ಬದಲಿಸುತ್ತಾರೆ, ಎದೆಯುರಿ ಜೋರಾಗಿದ್ದರೆ ಅದಕ್ಕೂ ಇದು ಪರಿಹಾರ. ಆದರೆ ಎರಡನೆಯ ಸಲದ ಅಪಾಯ ಮೊದಲನೆಯದಕ್ಕಿಂತ ಹೆಚ್ಚು. ಎಂಡೋಸ್ಕೋಪಿ ಮಾಡಿ ಚೀಲದ ಸ್ಥಿತಿ ನೋಡದೆ ಯಾರಾದರೂ ತಾರೀಖು ಕೊಟ್ಟರೆ ಒಪ್ಪಬೇಡಿ. ಇಂಜೆಕ್ಷನ್‌ಗಳ ವಿಷಯ: ಮೌಂಜಾರೊ, ವೆಗೋವಿ ಎರಡೂ 2025ರಲ್ಲಿ ನಮ್ಮ ದೇಶಕ್ಕೆ ಬಂದವು. ಆಪರೇಷನ್ ನಂತರ ತೂಕ ಮರಳಿದವರಿಗೂ ವೈದ್ಯರು ಈ ಬಗೆಯ ಔಷಧ ಕೊಡುತ್ತಿದ್ದಾರೆ, ಹಲವರಿಗೆ ಉಪಯೋಗವಾಗಿದೆ. ಹಸಿವು ಇನ್ನೂ ಇಳಿಯುವುದರಿಂದ ಪ್ರೋಟೀನ್, ವಿಟಮಿನ್ ಕೊರತೆ ಹೆಚ್ಚದಂತೆ ನಿಗಾ ಬೇಕು. ಪದೇ ಪದೇ ವಾಂತಿಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಪರಿಚಯದ ಮೆಡಿಕಲ್ ಶಾಪಿನಿಂದ ತಂದು ಚುಚ್ಚಿಕೊಳ್ಳುವುದು ಬೇಡವೇ ಬೇಡ. ವೆಗೋವಿಯಲ್ಲಿರುವ ಔಷಧವನ್ನು ನಿಲ್ಲಿಸಿದವರಲ್ಲಿ, ಇಳಿದ ತೂಕದ ಮೂರನೇ ಎರಡು ಭಾಗ ಒಂದೇ ವರ್ಷದಲ್ಲಿ ಮರಳಿತು ಎಂಬ ಅಧ್ಯಯನ 2022ರಲ್ಲಿ ಬಂದಿದೆ. ಆದ್ದರಿಂದ ಶುರು ಮಾಡುವ ಮುಂಚೆಯೇ ಡಾಕ್ಟರನ್ನು ಕೇಳಿ: ಎಷ್ಟು ವರ್ಷ ತೆಗೆದುಕೊಳ್ಳಬೇಕು, ತಿಂಗಳಿಗೆ ಎಷ್ಟಾಗುತ್ತದೆ, ನಿಲ್ಲಿಸಬೇಕಾಗಿ ಬಂದರೆ ಮುಂದೇನು. ಆ ಮೂರು ಉತ್ತರವನ್ನು ಮನೆಯವರು ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳಲಿ.