ರೈತನ ಪತ್ತಿನ ಕಾರ್ಡು: ನಗದಿನ ಬದಲು ಅದನ್ನು ಬಳಸುವ ಬಗೆ



ಬಿತ್ತನೆಯ ಕಾಲ ಬಂದಿತೆಂದರೆ ಕೈಯಲ್ಲಿ ಹಣ ಬೇಕು. ಬೀಜ, ಗೊಬ್ಬರ, ಕೂಲಿ, ಟ್ರ್ಯಾಕ್ಟರ್ ಬಾಡಿಗೆ, ಇವಾವುವೂ ಸುಗ್ಗಿಯವರೆಗೆ ಕಾಯುವುದಿಲ್ಲ. ಬೆಳೆಯ ಹಣವಾದರೋ ಸುಗ್ಗಿಯಾದ ಮೇಲೆಯೇ ಬರತಕ್ಕದ್ದು. ಈ ನಡುವಿನ ತಿಂಗಳುಗಳನ್ನು ದಾಟಲು ಬಹುಮಂದಿಗೆ ಸಾಲ ಬೇಕಾಗುತ್ತದೆ. ಸಾಲ ಮಾಡುವುದು ತಪ್ಪಲ್ಲ. ಯಾತಕ್ಕೆ, ಎಷ್ಟು, ಯಾವಾಗ ತೀರಿಸುವುದು ಎಂಬುದನ್ನು ಅರಿಯದೆ ಮಾಡುವುದು ತಪ್ಪು.

ಈಗ ಅನೇಕ ಮನೆಗಳಲ್ಲಿ ಕಿಸಾನ್ ಕ್ರೆಡಿಟ್ ಕಾರ್ಡು ಇದೆ. ಕೆಲವರು ಅದನ್ನು ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟು, ವರ್ಷಕ್ಕೊಮ್ಮೆ ಹೊರಗೆ ತೆಗೆದು, ಇದ್ದಷ್ಟು ಹಣವನ್ನೂ ಒಂದೇ ಸಲ ಎತ್ತುತ್ತಾರೆ. ಹಾಗೆ ಮಾಡಿದರೆ ಕಾರ್ಡು ಇದ್ದೂ ಇಲ್ಲದಂತೆಯೇ. ಕಾರ್ಡನ್ನು ಹೇಗೆ ಬಳಸಿದರೆ ಮನೆಗೆ ಲಾಭ, ಹೇಗೆ ಬಳಸಿದರೆ ಹೊಲಕ್ಕೆ ಭಾರ ಎಂಬುದೇ ಈ ಸಲದ ಪಾಠ.

ಪತ್ತು ಎಂದರೇನು?

ಕ್ರೆಡಿಟ್ ಎಂಬುದಕ್ಕೆ ನಮ್ಮಲ್ಲಿ ಪತ್ತು ಎಂಬ ಮಾತಿದೆ. ಪತ್ತು ಎಂದರೆ ನಂಬಿಕೆ. ಈ ಮನುಷ್ಯ ಕೊಟ್ಟದ್ದನ್ನು ಹಿಂದಿರುಗಿಸುತ್ತಾನೆ ಎಂಬ ನಂಬಿಕೆಯ ಮೇಲೆ ಸಿಕ್ಕುವ ಹಣವೇ ಪತ್ತಿನ ಹಣ. ಈ ನಂಬಿಕೆಯನ್ನು ಒಬ್ಬ ಸಾಹುಕಾರನ ಮನಸ್ಸಿಗೆ ಬಿಡದೆ, ಊರಿನವರೆಲ್ಲ ಕೂಡಿ ನಡೆಸುವ ಕ್ರಮ ನಮ್ಮ ನಾಡಿಗೆ ಹೊಸದಲ್ಲ. 1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾನೂನು ಬಂದಿತು. ಮರುವರ್ಷವೇ, ಅಂದರೆ 1905ರಲ್ಲಿ, ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ ಸಹಕಾರ ಸಂಘ ಏರ್ಪಟ್ಟಿತು.

ಆದರೆ ಸಾಹುಕಾರನ ಹಿಡಿತ ಬೇಗ ಸಡಿಲವಾಗಲಿಲ್ಲ. 1951-52ರಲ್ಲಿ ದೇಶದಾದ್ಯಂತ ಗ್ರಾಮೀಣ ಸಾಲದ ಪರಿಶೀಲನೆ ನಡೆದಾಗ, ರೈತರು ಪಡೆದ ಪ್ರತಿ ನೂರು ರೂಪಾಯಿ ಸಾಲದಲ್ಲಿ ಸಹಕಾರ ಸಂಘಗಳದು ಸುಮಾರು ಮೂರೇ ರೂಪಾಯಿ ಎಂದು ತಿಳಿದುಬಂದಿತು. ಸುಮಾರು ಎಪ್ಪತ್ತು ರೂಪಾಯಿ ಲೇವಾದೇವಿಗಾರರಿಂದ ಬಂದದ್ದು. ಆ ಮೇಲೆ ಬ್ಯಾಂಕುಗಳೂ ಸಂಘಗಳೂ ಹಳ್ಳಿಗಳಿಗೆ ಹತ್ತಿರವಾದವು. ಪ್ರತಿ ಬೆಳೆಗೂ ಹೊಸದಾಗಿ ಅರ್ಜಿ ಹಾಕಿ ಅಲೆಯುವುದನ್ನು ತಪ್ಪಿಸಲೆಂದು 1998-99ರಲ್ಲಿ ಕಿಸಾನ್ ಕ್ರೆಡಿಟ್ ಕಾರ್ಡು ಜಾರಿಗೆ ಬಂದಿತು. 2018-19ರಲ್ಲಿ ಇದನ್ನು ಪಶುಪಾಲನೆಗೂ ಮೀನುಗಾರಿಕೆಗೂ ವಿಸ್ತರಿಸಲಾಯಿತು.

ಕಾರ್ಡಿನಲ್ಲಿ ಮನೆಯ ಪಾಲೆಷ್ಟು?

ಕಾರ್ಡಿನ ಮೇಲೆ ಎಷ್ಟು ಹಣ ಸಿಕ್ಕುತ್ತದೆ ಎಂಬುದಕ್ಕೆ ಒಂದು ಲೆಕ್ಕವಿದೆ. ಅದನ್ನು ಪ್ರತಿಯೊಬ್ಬ ರೈತನೂ ತಿಳಿದಿರಬೇಕು. ಒಂದು ಎಕರೆಗೆ ಇಂಥ ಬೆಳೆಗೆ ಇಷ್ಟು ಖರ್ಚು ಎಂದು ಜಿಲ್ಲೆಯಲ್ಲಿ ಗೊತ್ತುಮಾಡಿರುತ್ತಾರೆ. ಅದನ್ನು ನಿಮ್ಮ ಎಕರೆಗಳಿಂದ ಗುಣಿಸುತ್ತಾರೆ. 2012ರ ಪರಿಷ್ಕೃತ ಕ್ರಮದ ಪ್ರಕಾರ, ಬಂದ ಮೊತ್ತಕ್ಕೆ ನೂರಕ್ಕೆ 10ರಂತೆ ಕೊಯಿಲಿನ ನಂತರದ ಖರ್ಚಿಗೂ ಮನೆಯ ಖರ್ಚಿಗೂ ಸೇರಿಸುತ್ತಾರೆ; ನೂರಕ್ಕೆ 20ರಂತೆ ಪಂಪು, ನೇಗಿಲು ಮುಂತಾದವುಗಳ ದುರಸ್ತಿಗೆ ಸೇರಿಸುತ್ತಾರೆ; ಇದಲ್ಲದೆ ವಿಮೆಯ ಕಂತು ಸೇರುತ್ತದೆ.

ಉದಾಹರಣೆಗೆ, ಒಬ್ಬ ರೈತನಿಗೆ ಎರಡು ಎಕರೆ ಹೊಲವಿದೆ, ಎಕರೆಗೆ ಗೊತ್ತುಮಾಡಿದ ಖರ್ಚು 30,000 ರೂಪಾಯಿ ಎಂದು ಇಟ್ಟುಕೊಳ್ಳೋಣ. ಬೆಳೆಗೆ 60,000. ಮನೆಯ ಮತ್ತು ಕೊಯಿಲಿನ ನಂತರದ ಖರ್ಚಿಗೆ 6,000. ದುರಸ್ತಿಗೆ 12,000. ವಿಮೆ ಬಿಟ್ಟು ಒಟ್ಟು 78,000 ರೂಪಾಯಿ.

ಇಲ್ಲಿ ನೋಡಬೇಕಾದ ಅಂಕಿ ಆ 6,000. ಮದುವೆ, ಹೊಸ ಮೊಬೈಲು, ಜಾತ್ರೆಯ ಖರ್ಚು, ದಿನಸಿ, ಎಲ್ಲವನ್ನೂ ಈ ಕಾರ್ಡಿನಿಂದಲೇ ತೂಗಿಸಲು ಹೊರಟರೆ ಗೊಬ್ಬರದ ಹಣ ಕರಗುತ್ತದೆ. ಗೊಬ್ಬರ ಹಾಕದ ಬೆಳೆ ಸಾಲ ತೀರಿಸಲಾರದು. ಹೊಲಕ್ಕೆ ಹಾಕಿದ ಸಾಲ ಹೊಲದಿಂದ ಹಿಂದಿರುಗುತ್ತದೆ. ಉಂಡು ಉಟ್ಟು ಕಳೆದ ಸಾಲ ಯಾವ ಹೊಲದಿಂದ ಹಿಂದಿರುಗಬೇಕು? ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಹಿರಿಯರ ಮಾತು ಕಾರ್ಡಿಗೂ ಸಲ್ಲುತ್ತದೆ.

ಅಣ್ಣ ತಮ್ಮಂದಿರ ಲೆಕ್ಕ

ಒಂದು ಮನೆಯಲ್ಲಿ ಪಾಲಾದ ಅಣ್ಣ ತಮ್ಮ ಇದ್ದಾರೆಂದು ಭಾವಿಸಿ. ಇಬ್ಬರ ಕಾರ್ಡಿನ ಮಿತಿಯೂ 1,00,000 ರೂಪಾಯಿ. ಬಡ್ಡಿ ವರ್ಷಕ್ಕೆ ನೂರಕ್ಕೆ 7 ರೂಪಾಯಿ.

ಅಣ್ಣ ಜೂನ್ 1ರಂದು ಬ್ಯಾಂಕಿಗೆ ಹೋಗಿ ಅಷ್ಟನ್ನೂ ನಗದಾಗಿ ತಂದ. ಜನವರಿ ಕೊನೆಗೆ ಸಾಲ ಕಟ್ಟಿದ. ಎಂಟು ತಿಂಗಳಿಗೆ ಅವನಿಗೆ ಬಿದ್ದ ಬಡ್ಡಿ ಸುಮಾರು 4,667 ರೂಪಾಯಿ.

ತಮ್ಮ ಹಾಗೆ ಮಾಡಲಿಲ್ಲ. ಜೂನ್ 1ರಂದು ಬೀಜ ಗೊಬ್ಬರಕ್ಕೆ 30,000, ಜುಲೈ 1ರಂದು ಕಳೆ ಮತ್ತು ಕೂಲಿಗೆ 20,000, ಆಗಸ್ಟ್ 1ರಂದು ಮೇಲುಗೊಬ್ಬರ ಮತ್ತು ಔಷಧಿಗೆ 20,000, ಅಕ್ಟೋಬರ್ 1ರಂದು ಕೊಯಿಲಿಗೆ 10,000 ಬಳಸಿದ. ಅವನೂ ಜನವರಿ ಕೊನೆಗೆ ಕಟ್ಟಿದ. ಅವನ ಬಡ್ಡಿ ಕ್ರಮವಾಗಿ 1,400, 817, 700, 233. ಒಟ್ಟು 3,150 ರೂಪಾಯಿ. ಬಳಸದೆ ಉಳಿದ 20,000ಕ್ಕೆ ಬಡ್ಡಿಯೇ ಇಲ್ಲ.

ಬಡ್ಡಿಯಲ್ಲಿ ಉಳಿದದ್ದು ಸುಮಾರು 1,500. ಆದರೆ ದೊಡ್ಡ ಉಳಿತಾಯ ಬೇರೆಯೇ. ಇಬ್ಬರ ಹೊಲದ ಖರ್ಚೂ 80,000ವೇ. ಅಣ್ಣನ ಮನೆಯಲ್ಲಿದ್ದ ಉಳಿದ 20,000 ದೀಪಾವಳಿಯ ಹೊತ್ತಿಗೆ ಎಲ್ಲಿ ಹೋಯಿತೆಂದು ಅವನಿಗೇ ಗೊತ್ತಿಲ್ಲ. ಸುಗ್ಗಿಯಲ್ಲಿ ಅದರ ಅಸಲನ್ನೂ ಬೆಳೆಯೇ ತೀರಿಸಬೇಕಾಯಿತು. ಕೈಯಲ್ಲಿರುವ ನಗದು ಖರ್ಚನ್ನು ಹುಡುಕುತ್ತದೆ. ಖಾತೆಯಲ್ಲಿರುವ ಮಿತಿ ಅಗತ್ಯಕ್ಕಾಗಿ ಕಾಯುತ್ತದೆ.

ಅವಧಿಯೊಳಗೆ ಕಟ್ಟುವುದರ ಬೆಲೆ

ಇತ್ತೀಚಿನ ವರ್ಷಗಳ ನಿಯಮದಂತೆ 3 ಲಕ್ಷ ರೂಪಾಯಿವರೆಗಿನ ಬೆಳೆ ಸಾಲಕ್ಕೆ ಬಡ್ಡಿ ನೂರಕ್ಕೆ 7. ಅವಧಿಯೊಳಗೆ ಕಟ್ಟಿದವರಿಗೆ ಇದರಲ್ಲಿ 3 ರೂಪಾಯಿ ರಿಯಾಯಿತಿ ಸಿಕ್ಕಿ ನೂರಕ್ಕೆ 4 ಮಾತ್ರ ಬೀಳುತ್ತದೆ. ಕರ್ನಾಟಕದಲ್ಲಿ ಸಹಕಾರ ಸಂಘಗಳ ಮೂಲಕ ಕೊಡುವ ಅಲ್ಪಾವಧಿ ಬೆಳೆ ಸಾಲಕ್ಕೆ ಬಡ್ಡಿಯೇ ಇಲ್ಲ. ಇದರ ಮಿತಿಯನ್ನು 2023-24ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಲಾಯಿತು. ಆದರೆ ಇವೆರಡೂ ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ. ಗಡುವು ಮೀರಿದರೆ ರಿಯಾಯಿತಿ ಹೋಯಿತು. ಆದ್ದರಿಂದ ಸಾಲ ಪಡೆದ ದಿನವೇ ಕಟ್ಟಬೇಕಾದ ಕೊನೆಯ ದಿನವನ್ನು ಕೇಳಿ, ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿರಿ.

ಖಾಸಗಿ ಸಾಲದೊಡನೆ ಇದನ್ನು ಹೋಲಿಸಿ ನೋಡಿ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯೆಂದರೆ ಕೇಳಲು ಸಣ್ಣದು. 20,000 ರೂಪಾಯಿಗೆ ಎಂಟು ತಿಂಗಳಿಗೆ ಅದು 4,800 ಆಗುತ್ತದೆ. ಅದೇ ಹಣಕ್ಕೆ ಕಾರ್ಡಿನಲ್ಲಿ ನೂರಕ್ಕೆ 7ರಂತೆ ಸುಮಾರು 933, ನೂರಕ್ಕೆ 4ರಂತೆ ಸುಮಾರು 533 ರೂಪಾಯಿ.

ಕೆಲವರು ಬೆಳೆ ಮಾರಿದ ಹಣವನ್ನು ಬೇರೆಡೆ ಖರ್ಚುಮಾಡಿ, ಗಡುವಿನ ದಿನ ಯಾರಿಂದಲೋ ಕೈಗಡ ತಂದು ಕಟ್ಟಿ, ಮರುದಿನವೇ ಮತ್ತೆ ಎತ್ತಿ ಅವರಿಗೆ ಕೊಡುತ್ತಾರೆ. ಪುಸ್ತಕದಲ್ಲಿ ಸಾಲ ತೀರಿದಂತೆ ಕಾಣುತ್ತದೆ. ನಿಜವಾಗಿ ಅದು ತೀರಿಲ್ಲ. ಕೈಗಡದವನ ದುಡ್ಡಿನ ಬಡ್ಡಿ ಮೇಲೆ ಬಿದ್ದಿದೆ, ಮುಂದಿನ ಬಿತ್ತನೆಗೆ ಹಣ ಇಲ್ಲ. ಇದನ್ನು ನಾಲ್ಕು ವರ್ಷ ಮಾಡಿದ ಮನೆ ಸಾಲದಿಂದ ಏಳುವುದು ಕಷ್ಟ. ಬೆಳೆಯ ಹಣ ಬಂದ ದಿನವೇ ಸಾಧ್ಯವಾದಷ್ಟನ್ನು ಖಾತೆಗೆ ಕಟ್ಟಿ. ಅಂದಿನಿಂದಲೇ ಅಷ್ಟಕ್ಕೆ ಬಡ್ಡಿ ನಿಲ್ಲುತ್ತದೆ. ಬೇಕಾದಾಗ ಮಿತಿಯೊಳಗೆ ಮತ್ತೆ ಬಳಸಬಹುದು.

ಅಂಗಡಿಯಲ್ಲಿ ಕಾರ್ಡು

ಗೊಬ್ಬರದ ಅಂಗಡಿಯಲ್ಲಿ ಉದ್ರಿ ತಂದವನು ಬೆಲೆ ಕೇಳುವಂತಿಲ್ಲ, ಕೊಟ್ಟ ಬ್ರಾಂಡನ್ನು ಬೇಡವೆನ್ನುವಂತಿಲ್ಲ. ಸ್ಥಳದಲ್ಲೇ ಹಣ ತೆರುವವನು ಕೇಳಬಹುದು. ಕಾರ್ಡನ್ನು ಯಂತ್ರದಲ್ಲಿ ಉಜ್ಜಿ ಕೊಂಡರೆ ನೀವು ಸ್ಥಳದಲ್ಲೇ ಹಣ ತೆತ್ತಂತೆಯೇ. ಯಾವ ದಿನ, ಯಾವ ಅಂಗಡಿ, ಎಷ್ಟು ಹಣ ಎಂಬುದು ಖಾತೆಯಲ್ಲಿ ದಾಖಲಾಗುತ್ತದೆ. ಅದರ ಜೊತೆಗೆ ರಸೀದಿಯನ್ನು ತಪ್ಪದೆ ಪಡೆಯಿರಿ. ಬೀಜದ ಚೀಲದ ಮೇಲಿನ ಚೀಟಿಯನ್ನೂ ಸ್ವಲ್ಪ ಬೀಜವನ್ನೂ ಇಟ್ಟುಕೊಳ್ಳಿ. ಬೀಜ ಮೊಳೆಯದೆ ಹೋದರೆ ರೈತ ಸಂಪರ್ಕ ಕೇಂದ್ರದಲ್ಲಿ ದೂರು ಕೊಡಲು ಇವೇ ಸಾಕ್ಷಿ. ಕಾರ್ಡು ತೋರಿಸಿದ್ದಕ್ಕೆ ಚೀಲದ ಮೇಲೆ ಅಚ್ಚಾದ ಬೆಲೆಗಿಂತ ಹೆಚ್ಚು ಕೇಳಿದರೆ ಒಪ್ಪಬೇಡಿ.

ತಿಂಗಳ ಬಿಲ್ಲಿನ ಕಾರ್ಡು

ಈಗ ಇನ್ನೊಂದು ಬಗೆಯ ಕ್ರೆಡಿಟ್ ಕಾರ್ಡು ಹಳ್ಳಿಗಳಿಗೂ ಬರುತ್ತಿದೆ. ಇದು ಹೊಲದ ಕಾರ್ಡಲ್ಲ, ಅಂಗಡಿಯ ಕಾರ್ಡು. ದಿನಸಿ, ಬಟ್ಟೆ, ಪೆಟ್ರೋಲು ಯಾವುದಕ್ಕಾದರೂ ಬಳಸಬಹುದು. ತಿಂಗಳಿಗೊಮ್ಮೆ ಬಿಲ್ಲು ಬರುತ್ತದೆ. ಗಡುವಿನೊಳಗೆ ಬಿಲ್ಲಿನ ಪೂರ್ತಿ ಹಣ ಕಟ್ಟಿದರೆ ಬಡ್ಡಿ ಇಲ್ಲ. ಹೀಗೆ ಬಳಸುವವರಿಗೆ ಕೆಲವು ವಾರ ಪುಕ್ಕಟೆಯಾಗಿ ಹಣ ಸಿಕ್ಕಿದಂತೆ.

ಅಪಾಯವಿರುವುದು ಬಿಲ್ಲಿನಲ್ಲಿ ಬರೆದಿರುವ "ಕನಿಷ್ಠ ಮೊತ್ತ" ಎಂಬುದರಲ್ಲಿ. 10,000 ರೂಪಾಯಿ ಬಿಲ್ಲಿಗೆ 500 ಕಟ್ಟಿದರೆ ಸಾಕು ಎಂದು ಬರೆದಿದೆ ಎನ್ನಿ. ಅಷ್ಟು ಕಟ್ಟಿದರೆ ದಂಡ ತಪ್ಪುತ್ತದೆಯೇ ಹೊರತು ಬಡ್ಡಿ ತಪ್ಪುವುದಿಲ್ಲ. ಉಳಿದ 9,500ಕ್ಕೆ ತಿಂಗಳಿಗೆ ನೂರಕ್ಕೆ ಮೂರೂವರೆಯಂತೆ ಸುಮಾರು 332 ರೂಪಾಯಿ ಬಡ್ಡಿ, ಅದರ ಮೇಲೆ ತೆರಿಗೆ. ಮುಂದಿನ ತಿಂಗಳು ಮತ್ತೆ 500 ಕಟ್ಟಿದರೆ ಬಹುಪಾಲು ಬಡ್ಡಿಗೇ ಹೋಗುತ್ತದೆ. ಹಳೆಯ ಲೇವಾದೇವಿಯೇ ಹೊಸ ಅಂಗಿ ತೊಟ್ಟು ಬಂದಂತೆ. ಈ ಕಾರ್ಡಿನಿಂದ ಯಂತ್ರದಲ್ಲಿ ನಗದು ತೆಗೆದರಂತೂ ಅಂದಿನಿಂದಲೇ ಬಡ್ಡಿ, ಜೊತೆಗೆ ಶುಲ್ಕ.

ನೌಕರನಿಗೆ ತಿಂಗಳಿಗೊಮ್ಮೆ ಸಂಬಳ, ಕಾರ್ಡಿಗೆ ತಿಂಗಳಿಗೊಮ್ಮೆ ಬಿಲ್ಲು, ಎರಡೂ ಹೊಂದುತ್ತವೆ. ರೈತನಿಗೆ ಹಣ ಬರುವುದು ಸುಗ್ಗಿಗೆ. ಆದ್ದರಿಂದ ಮಳೆಯ ಬೆಳೆಯೊಂದನ್ನೇ ನಂಬಿದವರು ಈ ಕಾರ್ಡಿನಿಂದ ದೂರವಿರುವುದು ಲೇಸು. ಡೈರಿಯಿಂದ ತಪ್ಪದೆ ಹಾಲಿನ ಬಟವಾಡೆ ಪಡೆಯುವವರು, ತಿಂಗಳು ತಿಂಗಳೂ ತರಕಾರಿ ಅಥವಾ ರೇಷ್ಮೆಗೂಡು ಮಾರುವವರು ಬಳಸಬಹುದು. ಅವರೂ ಒಂದು ತಿಂಗಳ ಬಟವಾಡೆಗಿಂತ ಹೆಚ್ಚು ಖರ್ಚುಮಾಡಕೂಡದು.

ಎಚ್ಚರಿಕೆಯ ಮಾತುಗಳು

1. ಕಾರ್ಡಿನ ಗುಪ್ತ ಸಂಖ್ಯೆಯನ್ನು ಕಾರ್ಡಿನ ಮೇಲೆಯೇ ಬರೆಯಬೇಡಿ. ಅಂಗಡಿಯವನಿಗಾಗಲಿ, ಸಾಲ ಮಾಡಿಸಿಕೊಟ್ಟ ಮಧ್ಯವರ್ತಿಗಾಗಲಿ ಅದನ್ನು ಹೇಳಬೇಡಿ. ಫೋನಿನಲ್ಲಿ ಕೇಳುವವರು ಬ್ಯಾಂಕಿನವರಲ್ಲ.

2. ಮೋಸದಿಂದ ಹಣ ಹೋದರೆ ನಾಚಿಕೊಂಡು ಸುಮ್ಮನಿರಬೇಡಿ. ಕೂಡಲೇ ಬ್ಯಾಂಕಿಗೆ ತಿಳಿಸಿ, 1930ಕ್ಕೆ ಫೋನು ಮಾಡಿ. ತಡವಾದಷ್ಟೂ ಹಣ ಹಿಂದಿರುಗುವುದು ಕಷ್ಟ.

3. ಬೆಳೆ ವಿಮೆಯು 2020ರ ಮುಂಗಾರಿನಿಂದ ಸಾಲ ಪಡೆದವರಿಗೂ ಐಚ್ಛಿಕವಾಗಿದೆ. ಬೇಡವೆನ್ನುವವರು ಮೊದಲೇ ಬರೆದುಕೊಡಬೇಕು. ವಿಮೆ ಇಟ್ಟುಕೊಂಡವರು ಕಂತು ಕಡಿತವಾಗಿದೆಯೇ, ಬಿತ್ತಿದ ಬೆಳೆಯ ಹೆಸರೇ ದಾಖಲಾಗಿದೆಯೇ ಎಂದು ಕೇಳಿ ತಿಳಿಯಿರಿ. ಬಿತ್ತಿದ್ದು ತೊಗರಿ, ಬರೆದದ್ದು ಹತ್ತಿ ಎಂದಾದರೆ ಪರಿಹಾರಕ್ಕೆ ತೊಡಕು.

4. 2025ರ ಜನವರಿ 1ರಿಂದ 2 ಲಕ್ಷ ರೂಪಾಯಿವರೆಗಿನ ಕೃಷಿ ಸಾಲಕ್ಕೆ ಜಮೀನಿನ ಅಡಮಾನ ಕೇಳತಕ್ಕದ್ದಲ್ಲ. ಅದಕ್ಕೆ ಮೇಲ್ಪಟ್ಟ ಸಾಲಕ್ಕೆ ಅಡಮಾನ ಮಾಡಿದರೆ ಪಹಣಿಯ ಋಣದ ಕಾಲಂನಲ್ಲಿ ಅದು ಬರುತ್ತದೆ. ತೀರಿಸಿದ ಮೇಲೆ ಋಣಮುಕ್ತಿ ಪತ್ರ ಪಡೆದು, ಪಹಣಿಯಿಂದ ತೆಗೆಸುವುದನ್ನು ಮರೆಯಬೇಡಿ.

5. ಮನೆಯೊಡತಿಗೆ ತಿಳಿಯದ ಸಾಲ ಮಾಡಬೇಡಿ. ಖಾತೆಯ ಲೆಕ್ಕವನ್ನು ತಿಂಗಳಿಗೊಮ್ಮೆ ಮನೆಯವರೆಲ್ಲ ಕುಳಿತು ನೋಡಿ. ಓದು ಬರುವ ಮಗಳೋ ಮಗನೋ ಗಟ್ಟಿಯಾಗಿ ಓದಲಿ.

ಮನೆಯಲ್ಲಿ ಮಾಡಬೇಕಾದ ಅಭ್ಯಾಸ

ಎರಡು ರೂಪಾಯಿಯ ಹಾಳೆ ಸಾಕು. ನಡುವೆ ಒಂದು ಗೆರೆ ಎಳೆಯಿರಿ. ಎಡಕ್ಕೆ "ಹೊಲಕ್ಕೆ", ಬಲಕ್ಕೆ "ಮನೆಗೆ" ಎಂದು ಬರೆಯಿರಿ. ಕಾರ್ಡಿನಿಂದ ತೆಗೆದ ಪ್ರತಿ ರೂಪಾಯಿಯನ್ನೂ ತಾರೀಖಿನೊಡನೆ ಒಂದು ಕಡೆ ಬರೆಯಿರಿ. ಸುಗ್ಗಿಯಾದ ಮೇಲೆ ಎರಡನ್ನೂ ಕೂಡಿ ನೋಡಿ, ಈ ಪ್ರಶ್ನೆಗಳಿಗೆ ಉತ್ತರ ಹೇಳಿಕೊಳ್ಳಿ.

ಬಲಗಡೆಯ ಮೊತ್ತ ನಿಮ್ಮ ಮಿತಿಯಲ್ಲಿರುವ ಮನೆಯ ಪಾಲನ್ನು ಮೀರಿತೇ? ಬೇಕಾಗುವ ಮೊದಲೇ ತೆಗೆದಿಟ್ಟ ಹಣ ಎಷ್ಟು? ಕಟ್ಟುವ ಕೊನೆಯ ದಿನ ಯಾವುದು? ಆ ದಿನದ ಹಣ ಯಾವ ಬೆಳೆಯಿಂದ ಬರುತ್ತದೆ?

ಈ ನಾಲ್ಕಕ್ಕೂ ತಡವರಿಸದೆ ಉತ್ತರ ಕೊಡಬಲ್ಲವನ ಕೈಯಲ್ಲಿ ಕಾರ್ಡು ಒಳ್ಳೆಯ ಎತ್ತಿನಂತೆ ದುಡಿಯುತ್ತದೆ. ಉತ್ತರ ತಿಳಿಯದವರು ನಾಚಬೇಕಾಗಿಲ್ಲ. ಪಾಸ್‌ಬುಕ್ಕನ್ನು ತೆಗೆದುಕೊಂಡು ನಿಮ್ಮ ಸಂಘದ ಕಾರ್ಯದರ್ಶಿಯನ್ನಾಗಲಿ ಬ್ಯಾಂಕಿನವರನ್ನಾಗಲಿ ಈ ವಾರವೇ ಕಾಣಿರಿ. ಬಿತ್ತುವ ಮೊದಲು ಕೇಳಿದ ಪ್ರಶ್ನೆಗೆ ಖರ್ಚಿಲ್ಲ.