ನಾನು ಅಂತರ್ಮುಖಿಯೋ ಅಲ್ಲವೋ?

ಪ್ರಶ್ನೆ: ತರಬೇತಿಯೊಂದರಲ್ಲಿ ಎಂಬಿಟಿಐ ಎಂಬ ವ್ಯಕ್ತಿತ್ವ ಪ್ರಶ್ನಾವಳಿ ತುಂಬಿಸಿದಾಗ ನನಗೆ ‘ಅಂತರ್ಮುಖಿ’ ಎಂದು ಬಂತು. ಮಗಳು ಮೊಬೈಲಿನಲ್ಲಿ ಮಾಡಿಸಿದ ‘ಬಿಗ್ ಫೈವ್’ ಪರೀಕ್ಷೆಯಲ್ಲಿ ನಡುಮಟ್ಟ. ಯಾವುದನ್ನು ನಂಬಲಿ?
— ಓದುಗರೊಬ್ಬರು, ಸೂರ್, ಒಮಾನ್

ಉತ್ತರ: ಎರಡೂ ಒಂದೇ ಮಾತು ಹೇಳಿರುವ ಸಾಧ್ಯತೆಯೇ ಹೆಚ್ಚು. ಎಂಬಿಟಿಐ ನಡುವೆ ಗೆರೆ ಎಳೆದು ಈಚೆಯವರು ಅಂತರ್ಮುಖಿ, ಆಚೆಯವರು ಬಹಿರ್ಮುಖಿ ಎನ್ನುತ್ತದೆ. ಜನ ಹೆಚ್ಚಾಗಿ ಇರುವುದೇ ಆ ಗೆರೆಯ ಆಸುಪಾಸಿನಲ್ಲಿ. ಮುಂದಿನ ತಿಂಗಳು ಮತ್ತೆ ತುಂಬಿದರೆ ನೀವು ಆಚೆಗೆ ದಾಟಿದರೂ ಆಶ್ಚರ್ಯವಿಲ್ಲ. ಬಿಗ್ ಫೈವ್ ತನ್ನ ಐದು ಗುಣಗಳ ಬಗ್ಗೆ ‘ಯಾವ ಬಗೆ’ ಎನ್ನುವುದಿಲ್ಲ, ‘ಎಷ್ಟು’ ಎನ್ನುತ್ತದೆ.

ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಮೆಕ್ರೇ ಮತ್ತು ಪಾಲ್ ಕಾಸ್ಟಾ 1989ರಲ್ಲಿ ಇವೆರಡನ್ನೂ ತಾಳೆ ನೋಡಿದರು. ಎಂಬಿಟಿಐನ ನಾಲ್ಕು ಅಳತೆಗಳು ಬಿಗ್ ಫೈವ್‌ನ ಐದರ ಪೈಕಿ ನಾಲ್ಕು ಗುಣಗಳಿಗೆ ಹೊಂದಿದವು. ಹೊರಗುಳಿದದ್ದು ಆತಂಕ, ಸಿಡುಕು, ಬೇಸರಗಳನ್ನು ಅಳೆಯುವ ಐದನೆಯದು. ತರಬೇತಿಯ ಕೋಣೆಯಿಂದ ಎಲ್ಲರೂ ನಗುನಗುತ್ತಾ ಹೊರಬರುವುದಕ್ಕೆ ಇದೂ ಕಾರಣ ಎಂದು ನನ್ನ ಗುಮಾನಿ!

ಸ್ವಭಾವದ ಮೂಲ ಗುಣಗಳು ಎಷ್ಟು ಎಂಬುದರಲ್ಲೇ ಮನಶ್ಶಾಸ್ತ್ರಜ್ಞರಿಗೆ ಒಮ್ಮತವಿಲ್ಲ. ಹ್ಯಾನ್ಸ್ ಐಸೆಂಕ್ ಮೂರು ಎಂದರು, ರೇಮಂಡ್ ಕ್ಯಾಟೆಲ್ ಹದಿನಾರು. ಆ್ಯಷ್ಟನ್ ಮತ್ತು ಲೀ ‘ಪ್ರಾಮಾಣಿಕತೆ–ವಿನಯ’ವನ್ನು ಸೇರಿಸಿ ಆರು ಮಾಡಿದರು. ಆದರೂ ಬಹಿರ್ಮುಖತೆ ಮತ್ತು ಆತಂಕದ ಸ್ವಭಾವ ಈ ಎಲ್ಲರ ಲೆಕ್ಕದಲ್ಲೂ ಒಂದಲ್ಲ ಒಂದು ರೂಪದಲ್ಲಿ ಸಿಗುತ್ತವೆ.

ಮೊಬೈಲಿನ ಪರೀಕ್ಷೆಯ ಉದ್ದವನ್ನೂ ನೋಡಿ. ಕಾಸ್ಟಾ–ಮೆಕ್ರೇ ಅವರ ಪೂರ್ಣ ಬಿಗ್ ಫೈವ್ ಪ್ರಶ್ನಾವಳಿಯಲ್ಲಿ 240 ವಾಕ್ಯಗಳಿವೆ. ಗೋಸ್ಲಿಂಗ್ ಮತ್ತು ಸಂಗಡಿಗರು 2003ರಲ್ಲಿ ತಂದದ್ದರಲ್ಲಿ ಹತ್ತೇ, ಅಂದರೆ ಗುಣಕ್ಕೆ ಎರಡು. ಒಂದು ಉತ್ತರ ಆಚೀಚೆಯಾದರೂ ಅಂಕ ಜಿಗಿಯುತ್ತದೆ.

ಇನ್ನೊಂದು ತೊಡಕು ನಿಮ್ಮ ಊರಿನದೇ. ‘ಜನರೊಡನೆ ಸಲೀಸಾಗಿ ಬೆರೆಯುತ್ತೀರಾ’ ಎಂದು ಕೇಳಿದರೆ ಐದರಲ್ಲಿ ಎಷ್ಟು ಹಾಕುತ್ತೀರಿ? ಹತ್ತಿರದ ಖಲ್ಹಾತ್‌ನ ಅನಿಲ ಘಟಕದಲ್ಲಿ ಪಾಳಿ ಮಾಡುವವರು ಒಮಾನಿ, ಮಲಯಾಳಿ ಸಹೋದ್ಯೋಗಿಗಳನ್ನು ನೆನೆದು 2 ಹಾಕಿಯಾರು. ಅವರೇ ಶುಕ್ರವಾರ ನಾಲ್ಕು ಕನ್ನಡದ ಮನೆಯವರು ಸೇರಿದಾಗಿನ ಹರಟೆ ನೆನೆದರೆ 4! ಮೇಲಾಗಿ, ‘ನಡುಮಟ್ಟ’ ಎನ್ನುವಾಗ ಆ ಆ್ಯಪ್ ನಿಮ್ಮನ್ನು ಯಾವ ದೇಶದವರ ಸರಾಸರಿಗೆ ಹೋಲಿಸಿತು ಎಂಬುದನ್ನೂ ಕೇಳಬೇಕು.

ನನ್ನನ್ನು ಕೇಳಿದರೆ ‘ನಡುಮಟ್ಟ’ವನ್ನೇ ಒಪ್ಪಿಕೊಳ್ಳಿ. ಸಂದೇಹ ಉಳಿದರೆ ಉದ್ದದ ಪ್ರಶ್ನಾವಳಿಯೊಂದನ್ನು ನೀವೂ ತುಂಬಿ, ನಿಮ್ಮ ಬಗ್ಗೆ ಮನೆಯವರಿಂದಲೂ ತುಂಬಿಸಿ, ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ತರಬೇತಿಯ ಎಂಬಿಟಿಐ ಫಲಿತಾಂಶ ನೌಕರಿಗೆ ಅಡ್ಡಿಯಾದೀತೆಂಬ ಅಳುಕಂತೂ ಬೇಡ: ನೇಮಕಾತಿಗೆ ಅದನ್ನು ಬಳಸಬಾರದೆಂದು ಎಂಬಿಟಿಐ ಪ್ರಕಾಶಕರೇ ಹೇಳಿದ್ದಾರೆ.